ಕಪ್ಪು ಗಾಜಿನ ಹಿಂದೊಂದು ಕ್ಯಾಮೆರಾ: ವೆಲ್ಡಿಂಗ್ ಕಲಿಸಲು ವಿಡಿಯೊ ಬಳಸಿದ ನನ್ನ ಅನುಭವ

ಬಡಗಿ ಉಜ್ಜುಗೊರಡು ಹಾಕುವುದನ್ನು, ಕುಂಬಾರ ತಿಗರಿಯ ಮೇಲೆ ಮಡಕೆ ಎತ್ತುವುದನ್ನು ಸುತ್ತ ನಿಂತ ಹತ್ತು ಜನ ಬರಿಗಣ್ಣಿನಿಂದ ನೋಡಿ ಕಲಿಯಬಹುದು. ವೆಲ್ಡಿಂಗಿನಲ್ಲಿ ಆ ಅನುಕೂಲವಿಲ್ಲ. ಕರೆಂಟು ಹರಿಯುವ, ತಾನೇ ಕರಗಿ ಲೋಹ ತುಂಬುವ ರಾಡು ಉಕ್ಕಿನ ಪ್ಲೇಟಿಗೆ ತಾಗಿ ಆರ್ಕ್ (ವಿದ್ಯುತ್ ಜ್ವಾಲೆ) ಹತ್ತಿದ ಕ್ಷಣದಿಂದ ಅದು ಆರುವವರೆಗೆ ಕಲಿಸುವವನೂ ಕಲಿಯುವವರೂ ಕಪ್ಪು ಗಾಜಿನ ಹಿಂದೆ ಇರಬೇಕಾಗುತ್ತದೆ. ಆ ಗಾಜಿನೊಳಗೆ ಒಂದು ಉರಿಯುವ ಚುಕ್ಕೆ, ಅದರ ಸುತ್ತ ಅಂಗೈಯಗಲದ ಹಸಿರು ಬೆಳಕು ಬಿಟ್ಟರೆ ಹೊಸಬರಿಗೆ ಬೇರೇನೂ ಕಾಣುವುದಿಲ್ಲ. ಕಲಿಸುವವನ ಕೈ ಯಾವ ಕೋನದಲ್ಲಿದೆ, ಮೊಣಕೈ ಎಲ್ಲಿ ಊರಿದೆ ಎಂದು ನೋಡಹೋದವರು ಆ ಗಾಜು ಕೂರಿಸಿದ, ಮುಖದ ಮುಂದೆ ಹಿಡಿಯುವ ಸ್ಕ್ರೀನಿನ ಅಂಚಿನಿಂದ ಇಣುಕುತ್ತಾರೆ. ಇಣುಕಿದ ತಪ್ಪಿಗೆ ಅಂದು ರಾತ್ರಿ ಕಣ್ಣಿಗೆ ಮರಳು ಎರಚಿದಂತಾಗಿ, ನೀರು ಸುರಿದು, ನಿದ್ದೆಯಿಲ್ಲದೆ ಬೆಳಗು ಮಾಡುತ್ತಾರೆ. ಆರ್ಕಿನ ಅತಿನೇರಳೆ ಕಿರಣ ತಾಗಿದ್ದು ಆ ಕ್ಷಣಕ್ಕೆ ಗೊತ್ತಾಗುವುದಿಲ್ಲ, ಐದಾರು ತಾಸು ಕಳೆದ ಮೇಲೆ ಗೊತ್ತಾಗುತ್ತದೆ.

ನಾನು ಬಳ್ಳಾರಿ ಜಿಲ್ಲೆಯ ಒಂದು ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ವೆಲ್ಡರ್ ವೃತ್ತಿಯ ಕಿರಿಯ ತರಬೇತಿ ಅಧಿಕಾರಿ. ನಮ್ಮದು ಒಂದು ವರ್ಷದ ಕೋರ್ಸು. ಸಂಡೂರು, ಕುರುಗೋಡು, ಕಂಪ್ಲಿ, ಸಿರುಗುಪ್ಪದ ಕಡೆಯಿಂದ ಬರುವ ನಮ್ಮ ಮಕ್ಕಳಲ್ಲಿ ಕೆಲವರು ಮುಂದೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಗುತ್ತಿಗೆದಾರರ ಬಳಿ ಸೇರುತ್ತಾರೆ, ಕೆಲವರು ಊರಿನಲ್ಲಿಯೇ ಟ್ರ್ಯಾಕ್ಟರ್ ಟ್ರೇಲರ್, ಕಿಟಕಿ ಗ್ರಿಲ್ ಮಾಡುವ ಅಂಗಡಿ ಹಾಕುತ್ತಾರೆ. ಎರಡಕ್ಕೂ ಬೇಕಾದದ್ದು ಕೈ. ಆ ಕೈಯನ್ನು ತಯಾರು ಮಾಡುವುದಕ್ಕೆ ಬಹಳ ವರ್ಷಗಳ ಕಾಲ ನನಗೆ ಗೊತ್ತಿದ್ದದ್ದು ಒಂದೇ ದಾರಿ: ನಾನು ಒಂದು ರನ್, ಎಂದರೆ ಒಂದು ಸಾಲು ವೆಲ್ಡಿಂಗ್, ಹಾಕಿ ತೋರಿಸುವುದು, ಅವರು ಹಾಕುವುದು, ತಪ್ಪಿದಾಗ ಬೆನ್ನ ಹಿಂದೆ ನಿಂತು ಕೂಗುವುದು. ‘ಕೈ ನಡುಗಿಸಬ್ಯಾಡ’, ‘ಆರ್ಕ್ ಉದ್ದ ಆತು’, ‘ನಿಧಾನ, ನಿಧಾನ’ ಎಂಬ ಮೂರು ಮಾತುಗಳನ್ನು ನಾನು ಎಷ್ಟು ಸಾವಿರ ಸಲ ಕೂಗಿರಬಹುದೋ ಲೆಕ್ಕವಿಲ್ಲ.

2020ರಲ್ಲಿ ಲಾಕ್‌ಡೌನ್ ಆಗಿ ಸಂಸ್ಥೆ ಮುಚ್ಚಿದಾಗ, ಪಾಠದ ವಿಡಿಯೊಗಳನ್ನು ವಾಟ್ಸಾಪಿನಲ್ಲಿ ಕಳುಹಿಸಬೇಕಾಗಿ ಬಂದದ್ದೇ ಈ ವಿಡಿಯೊ ಕೆಲಸಕ್ಕೆಲ್ಲ ಆರಂಭ. ಪರಿಚಯದವರ ಗ್ರಿಲ್ ಅಂಗಡಿಯಲ್ಲಿ ಒಂದು ಮಧ್ಯಾಹ್ನ ನನ್ನ ಫೋನನ್ನು ಮಗನ ಕೈಗೆ ಕೊಟ್ಟು ದೂರದಲ್ಲಿ ನಿಲ್ಲಿಸಿ ಎರಡು ಪ್ಲೇಟು ಕೂಡಿಸಿದೆ. ವಿಡಿಯೊದಲ್ಲಿ ಬಂದದ್ದು ಒಂದು ದೊಡ್ಡ ಬಿಳಿಯ ಗುಂಡು, ಅದರ ಹಿಂದೆ ಕತ್ತಲೆ. ‘ಹುಣ್ಣಿಮಿ ಚಂದ್ರ ಕಂಡಂಗ ಕಾಣ್ತದ ಸರ್’ ಎಂದು ಒಬ್ಬ ಹುಡುಗ ಉತ್ತರ ಬರೆದ. ಕ್ಯಾಮೆರಾ ತಾನಾಗಿಯೇ ಬೆಳಕನ್ನು ಹೊಂದಿಸಿಕೊಳ್ಳಲು ಹೆಣಗಿ ಸೋತಿತ್ತು. ಆಮೇಲೆ ಆ ಫೋನಿನಲ್ಲಿ ತೆಗೆದ ಚಿತ್ರಗಳ ಮೂಲೆಯಲ್ಲಿ ಒಂದು ನೇರಳೆ ಚುಕ್ಕೆ ಕಾಯಂ ಆಗಿ ಉಳಿದುಬಿಟ್ಟಿತು. ನಮ್ಮ ಕಣ್ಣಿಗೆ ಬೇಕಾದ ಗಾಜು ಕ್ಯಾಮೆರಾದ ಕಣ್ಣಿಗೂ ಬೇಕು ಎಂಬುದು, ಅಷ್ಟು ವರ್ಷ ಆ ಗಾಜನ್ನೇ ಮುಖದ ಮುಂದೆ ಹಿಡಿದುಕೊಂಡು ದುಡಿದ ನನಗೆ, ಅಷ್ಟು ತಡವಾಗಿ ಹೊಳೆದದ್ದಕ್ಕೆ ಈಗ ನಗು ಬರುತ್ತದೆ.

ಸಂಸ್ಥೆ ಮತ್ತೆ ತೆರೆದ ಮೇಲೆ, ಮುರಿದ ಹ್ಯಾಂಡ್ ಸ್ಕ್ರೀನೊಂದರ ಚೌಕಟ್ಟನ್ನು ಕತ್ತರಿಸಿ, ಫೋನಿನ ಲೆನ್ಸಿನ ಮುಂದೆ 10ನೇ ನಂಬರಿನ ಕಪ್ಪು ಗಾಜು ನಿಲ್ಲುವಂತೆ ಒಂದು ಹಿಡಿಕೆ ಮಾಡಿಕೊಂಡೆ. 10ನೇ ನಂಬರಿನ ಗಾಜು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಏಳು ಸಾವಿರದಲ್ಲಿ ಒಂದು ಪಾಲನ್ನು ಮಾತ್ರ, ಎಂದರೆ ಶೇಕಡಾ 0.014ರಷ್ಟನ್ನು ಮಾತ್ರ, ಆಚೆಗೆ ಬಿಡುತ್ತದೆ. ಕಿಡಿ ಸಿಡಿದು ಆ ಗಾಜು ಹಾಳಾಗದಿರಲೆಂದು ಅದರ ಮುಂದೊಂದು ಬಿಳಿ (ಪಾರದರ್ಶಕ) ಗಾಜು. ಇಷ್ಟು ಮಾಡಿದರೂ ಮೊದಲ ಸಲ ಚಿತ್ರ ಕೆಟ್ಟಿತು. ಏಕೆಂದರೆ ಆರ್ಕ್ ಹತ್ತುವ ಮೊದಲು ಗಾಜಿನ ಹಿಂದಿನ ಕಗ್ಗತ್ತಲನ್ನು ನೋಡಿದ ಕ್ಯಾಮೆರಾ ತನ್ನ ಕಣ್ಣನ್ನು ಪೂರ್ತಿ ಅಗಲಿಸಿಕೊಂಡಿರುತ್ತಿತ್ತು, ಆರ್ಕ್ ಹತ್ತಿದ ಕೂಡಲೇ ಬೆಚ್ಚಿ ಮುಚ್ಚಿಕೊಳ್ಳುತ್ತಿತ್ತು, ಫೋಕಸ್ಸು ಹಿಂದೆ ಮುಂದೆ ಓಲಾಡುತ್ತಿತ್ತು. ಇದಕ್ಕೆ ಕಂಡುಕೊಂಡ ಉಪಾಯ ಸರಳವಾದದ್ದು. ಮೊದಲು ಒಂದು ಹಾಳು ಪ್ಲೇಟಿನ ಮೇಲೆ ಆರ್ಕ್ ಹತ್ತಿಸಿ, ಅದು ಉರಿಯುತ್ತಿರುವಾಗಲೇ ಫೋನಿನ ಪರದೆಯ ಮೇಲೆ ಆ ಚುಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಬೆಳಕೂ ಫೋಕಸ್ಸೂ ಅಲ್ಲಿಗೇ ಬೀಗ ಬೀಳುತ್ತವೆ. ಆಮೇಲೆ ನಿಜವಾದ ಜಾಬ್ ಶುರು ಮಾಡಬೇಕು.

ಆ ವಿಡಿಯೊವನ್ನು ತರಗತಿಯ ಪ್ರೊಜೆಕ್ಟರಿನಲ್ಲಿ ಹಾಕಿದ ದಿನ ನನಗೆ ಒಂದು ಸಂಗತಿ ತಿಳಿಯಿತು. ಕರಗಿದ ಲೋಹದ ಮಡು ಗೋಡೆಯ ಮೇಲೆ ತಟ್ಟೆಯಷ್ಟು ಅಗಲವಾಗಿ ಕಾಣುತ್ತಿತ್ತು. ಮಡುವಿನ ಮೇಲ್ಮೈ ಕನ್ನಡಿಯಂತೆ ನಯವಾಗಿತ್ತು, ಅದರ ಬೆನ್ನಿಗೆ ಸ್ಲ್ಯಾಗ್, ಎಂದರೆ ರಾಡಿನ ಲೇಪ ಕರಗಿ ಬಂದ ಕಿಟ್ಟ, ಕೆನೆಯಂತೆ ಅಲುಗುತ್ತ ತೇಲಿಬರುತ್ತಿತ್ತು. ನಾನು ವಿಡಿಯೊ ನಿಲ್ಲಿಸಿ, ‘ವೆಲ್ಡಿಂಗ್ ಮಾಡುವಾಗ ನೀವು ಎಲ್ಲಿ ನೋಡ್ತೀರಿ, ಬಂದು ಬೆರಳಿಟ್ಟು ತೋರಿಸ್ರಿ’ ಎಂದೆ. ಬಂದವರೆಲ್ಲರೂ ಬೆರಳಿಟ್ಟದ್ದು ರಾಡಿನ ತುದಿಯ ಮೇಲೆ, ಅತಿ ಹೆಚ್ಚು ಬೆಳಗುವ ಜಾಗದಲ್ಲಿ. ನಾನು ನೋಡುವುದು ಅಲ್ಲಿ ಅಲ್ಲ. ನನ್ನ ಕಣ್ಣು ಇರುವುದು ಮಡುವಿನ ಹಿಂದಿನ ಅಂಚಿನ ಮೇಲೆ, ಲೋಹ ಹೆಪ್ಪುಗಟ್ಟಿ ಬೀಡ್, ಎಂದರೆ ಬೆಸುಗೆಯ ದಿಂಡು, ಆಗುವ ಆ ಅರ್ಧಚಂದ್ರದ ಗೆರೆಯ ಮೇಲೆ; ಅದರ ಅಗಲ ಹೆಚ್ಚಾದರೆ ಕೈ ತಾನಾಗಿ ಮುಂದೆ ಹೋಗುತ್ತದೆ, ಕಿರಿದಾದರೆ ತಾನಾಗಿ ತಡೆಯುತ್ತದೆ. ಇದನ್ನು ನಾನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಏಕೆಂದರೆ ನಾನು ಅಲ್ಲಿ ನೋಡುತ್ತೇನೆಂಬುದು ನನಗೇ ಗೊತ್ತಿರಲಿಲ್ಲ. ‘ನಿಧಾನ, ನಿಧಾನ’ ಎಂದು ಕೂಗುತ್ತಿದ್ದೆನೇ ಹೊರತು ಯಾವುದನ್ನು ನೋಡಿ ನಿಧಾನ ಮಾಡಬೇಕೆಂದು ಹೇಳಿರಲಿಲ್ಲ.

ಅಂದಿನಿಂದ ಕೈಗೆ ಹೇಳುವ ಮಾತುಗಳನ್ನು ಕಡಿಮೆ ಮಾಡಿದೆ. ‘ಮಣಿಕಟ್ಟು ಗಟ್ಟಿಯಾಗಿ ಹಿಡಿ’ ಎನ್ನುವ ಬದಲು ‘ಮಡುವಿನ ಹಿಂದಿನ ಅಂಚು ಒಂದೇ ಅಗಲ ಇರಲಿ’ ಎನ್ನತೊಡಗಿದೆ. ಕಲಿಯುವವನ ಗಮನ ಅವನ ಅಂಗಾಂಗದ ಮೇಲೆ ಇರುವುದಕ್ಕಿಂತ ಆ ಅಂಗ ಮಾಡುವ ಕೆಲಸದ ಪರಿಣಾಮದ ಮೇಲೆ ಇದ್ದರೆ ಚಲನೆಯ ಕೌಶಲ ಚೆನ್ನಾಗಿ ಕೂಡಿಬರುತ್ತದೆಂದು ಗೇಬ್ರಿಯೆಲ್ ವುಲ್ಫ್ ಎಂಬ ಸಂಶೋಧಕಿ 1998ರಿಂದ ಈಚೆಗೆ ಹಲವು ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಅದನ್ನು ಓದಿದ್ದು ನಾನು ಆಮೇಲೆ. ಮೊದಲೇ ಓದಿದ್ದರೂ, ಗೋಡೆಯ ಮೇಲೆ ಅಷ್ಟು ದೊಡ್ಡದಾಗಿ ಆ ಮಡು ಕಾಣದೆ ನನಗೆ ಅರ್ಥವಾಗುತ್ತಿತ್ತೆಂದು ಹೇಳಲಾರೆ.

ಇಷ್ಟು ನಾನು ಮಾಡಿ ತೋರಿಸುವ ವಿಡಿಯೊದ ಮಾತು. ಮಕ್ಕಳ ಕೆಲಸವನ್ನು ಚಿತ್ರಿಸತೊಡಗಿದಾಗ ಎದುರಾದದ್ದು ಬೇರೆ. ಕಪ್ಪು ಗಾಜಿನ ಮೂಲಕ ತೆಗೆದ ವಿಡಿಯೊದಲ್ಲಿ ಮಡು ಕಾಣುತ್ತದೆ, ಕೈ ಕಾಣುವುದಿಲ್ಲ. ಗಾಜಿಲ್ಲದೆ ತೆಗೆದರೆ ಆರ್ಕಿನ ಬೆಳಕು ಎಲ್ಲವನ್ನೂ ನುಂಗುತ್ತದೆ. ಹೀಗಾಗಿ ಕರೆಂಟನ್ನೇ ಬಂದ್ ಮಾಡಿದೆ. ರಾಡು ಹಿಡಿಯುವ ಹಿಡಿಕೆಗೆ, ಎಂದರೆ ಹೋಲ್ಡರಿಗೆ, ರಾಡು ಕಚ್ಚಿಸಿ, ಮಷಿನ್ ಹಚ್ಚದೆ, ಪ್ಲೇಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಒಂದು ಪೂರ್ತಿ ರಾಡು ಉರಿಯುವಷ್ಟು ಹೊತ್ತು ಆ ಗೆರೆಯ ಮೇಲೆ ಕೈಯಾಡಿಸಲು ಹೇಳಿದೆ. 110 ಆಂಪಿಯರಿನ ಆಸುಪಾಸಿನಲ್ಲಿ 3.15 ಮಿಲಿಮೀಟರಿನ ರಾಡು ನನ್ನ ಕೈಯಲ್ಲಿ ಸುಮಾರು 70 ಸೆಕೆಂಡು ಉರಿಯುತ್ತದೆ. ಆ 70 ಸೆಕೆಂಡಿನಲ್ಲಿ ಕೈ ಎರಡು ಕೆಲಸ ಒಟ್ಟಿಗೆ ಮಾಡಬೇಕು: ಗೆರೆಯ ಗುಂಟ ಮುಂದೆ ಸರಿಯಬೇಕು, ರಾಡು ಸವೆದಷ್ಟೂ ಕೆಳಗೆ ಇಳಿಯಬೇಕು. ಕೆಳಗಿಳಿಯುವುದನ್ನು ಮರೆತರೆ ಆರ್ಕ್ ಉದ್ದವಾಗಿ ಲೋಹ ಚೆಲ್ಲಾಪಿಲ್ಲಿಯಾಗುತ್ತದೆ, ಮುಂದೆ ಸರಿಯುವುದನ್ನು ಮರೆತರೆ ಒಂದೇ ಕಡೆ ಗುಡ್ಡೆ ಬೀಳುತ್ತದೆ. ಕರೆಂಟಿಲ್ಲದ ಅಭ್ಯಾಸದಲ್ಲಿ ರಾಡು ಸವೆಯುವುದಿಲ್ಲವಲ್ಲ, ಅದಕ್ಕಾಗಿ ಹೋಲ್ಡರಿನಲ್ಲಿ ರಾಡನ್ನು ಸಡಿಲವಾಗಿ ಹಿಡಿದು, ಕೈ ಇಳಿದಂತೆ ಅದು ಹಿಂದಕ್ಕೆ ಜಾರುವಂತೆ ಮಾಡಿಕೊಂಡೆವು.

ಇಲ್ಲಿ ಒಬ್ಬ ಹುಡುಗನ ಸಂಗತಿ ಹೇಳಬೇಕು. ಸಂಡೂರಿನ ಕಡೆಯವನು, ಎತ್ತರದ ಆಳು, ಶ್ರದ್ಧೆಯವನು. ಅವನ ಪ್ರತಿ ರನ್ನೂ ಆರಂಭದಲ್ಲಿ ನೇರವಾಗಿ ಹೋಗಿ, ಮುಕ್ಕಾಲು ಭಾಗ ಮುಗಿಯುವಷ್ಟರಲ್ಲಿ ತನ್ನ ಕಡೆಗೆ ಬಾಗುತ್ತಿತ್ತು. ‘ಕೈ ನಡುಗಿಸಬ್ಯಾಡ’ ಎಂದು ನಾನು ಎರಡು ತಿಂಗಳು ಅವನನ್ನು ಬೈದೆ. ಅವನೂ ತನ್ನ ಕೈಯಲ್ಲಿಯೇ ದೋಷವಿದೆ ಎಂದು ನಂಬಿ, ಊಟದ ಬಿಡುವಿನಲ್ಲಿ ಸುತ್ತಿಗೆ ಹಿಡಿದು ಮಣಿಕಟ್ಟು ಗಟ್ಟಿ ಮಾಡಿಕೊಳ್ಳುತ್ತಿದ್ದ. ಕರೆಂಟಿಲ್ಲದ ಅಭ್ಯಾಸವನ್ನು ಪಕ್ಕದಿಂದ ಚಿತ್ರಿಸಿ, ಲ್ಯಾಪ್‌ಟಾಪಿನ ವಿಎಲ್‌ಸಿ ಪ್ಲೇಯರಿನಲ್ಲಿ ಹಾಕಿ, ‘ಇ’ ಕೀಲಿಯನ್ನು ಒಂದೊಂದೇ ಸಲ ಒತ್ತುತ್ತ ಒಂದೊಂದೇ ಚಿತ್ರವನ್ನು ಮುಂದೆ ಸರಿಸಿ ಇಬ್ಬರೂ ನೋಡಿದೆವು. ಅವನ ಮಣಿಕಟ್ಟು ಅಲ್ಲಾಡುತ್ತಿರಲಿಲ್ಲ. ಹೋಲ್ಡರಿನಿಂದ ಇಳಿಬಿದ್ದ ಕೇಬಲ್ಲು ಮೇಜಿನ ಅಂಚಿಗೆ ಸಿಕ್ಕಿಕೊಂಡಿತ್ತು. ರನ್ನಿನ ಆರಂಭದಲ್ಲಿ ಕೇಬಲ್ಲು ಸಡಿಲವಾಗಿರುತ್ತಿತ್ತು, ಕೈ ಮುಂದೆ ಸರಿದಂತೆ ಅದು ಬಿಗಿದು ಹೋಲ್ಡರನ್ನು ಅವನ ಹೊಟ್ಟೆಯ ಕಡೆಗೆ ಎಳೆಯುತ್ತಿತ್ತು. ಎರಡು ಸಲ ನೋಡಿ ಅವನೇ ಬೆರಳಿಟ್ಟು ತೋರಿಸಿ, ‘ಕೇಬಲ್ ಎಳದಾಡಾಕತ್ತದ ಸರ್’ ಎಂದ. ಕೇಬಲ್ಲನ್ನು ಮುಂಗೈಗೆ ಒಂದು ಸುತ್ತು ಹಾಕಿ ಹೆಗಲ ಮೇಲಿಂದ ಇಳಿಬಿಡಲು ಹೇಳಿದೆ. ಮರುದಿನದ ರನ್ ಕೊನೆಯವರೆಗೂ ನೇರವಾಗಿ ಹೋಯಿತು. ಎರಡು ತಿಂಗಳ ಬೈಗುಳಕ್ಕೆ ನಾನು ಅವನಲ್ಲಿ ಕ್ಷಮೆ ಕೇಳಿದೆ, ಅವನು ಮುಜುಗರದಿಂದ ನೆಲ ನೋಡಿದ.

ಕರೆಂಟಿಲ್ಲದ ಅಭ್ಯಾಸದ ವಿಡಿಯೊದಲ್ಲಿ ಸಿಕ್ಕ ತಪ್ಪುಗಳು ಹೆಚ್ಚುಕಡಿಮೆ ಇದೇ ಜಾತಿಯವು. ಮೊಣಕೈಗೆ ಆಸರೆಯಿಲ್ಲದಿರುವುದು, ಪೀಠದ ಎತ್ತರ ಸರಿಯಿಲ್ಲದಿರುವುದು, ಉಸಿರು ಬಿಗಿಹಿಡಿದು ನಲವತ್ತನೆಯ ಸೆಕೆಂಡಿಗೆ ಒಮ್ಮೆಲೇ ಬಿಟ್ಟು ಇಡೀ ಮೈ ಕುಸಿಯುವುದು. ಬೆಂಕಿಯ ಮುಂದೆ ಕಾಣದಿದ್ದ ಇವೆಲ್ಲ ಬೆಂಕಿ ಇಲ್ಲದಾಗ ಕಂಡವು. ರಾಡು, ಕರೆಂಟು, ಪ್ಲೇಟು ಯಾವುದೂ ಖರ್ಚಾಗದೆ ಸಿಕ್ಕ ಈ ಲಾಭವನ್ನು ನಾನು ಎಲ್ಲಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ.

ಕ್ಯಾಮೆರಾವನ್ನು ಎಲ್ಲಿ ಇಡಬೇಕೆಂಬುದನ್ನು ಕಲಿಯಲು ಒಂದು ವರ್ಷವೇ ಹಿಡಿಯಿತು. ಎದುರಿನಿಂದ ತೆಗೆದ ವಿಡಿಯೊ ಚಂದ ಕಾಣುತ್ತದೆ, ಆದರೆ ನೋಡುವವನಿಗೆ ಎಡ ಬಲ ಅದಲುಬದಲಾಗುತ್ತದೆ. ನಾನು ಎಡದಿಂದ ಬಲಕ್ಕೆ ಹೋದದ್ದು ಅವನಿಗೆ ಬಲದಿಂದ ಎಡಕ್ಕೆ ಹೋದಂತೆ ಕಾಣುತ್ತದೆ, ಅದನ್ನು ತಲೆಯಲ್ಲಿ ತಿರುಗಿಸಿಕೊಳ್ಳುವುದರಲ್ಲಿಯೇ ಅವನ ಶಕ್ತಿ ಹೋಗುತ್ತದೆ. ಆದ್ದರಿಂದ ನಾನು ಮಾಡಿ ತೋರಿಸುವುದನ್ನು ಬಲ ಹೆಗಲ ಮೇಲಿಂದ, ಮಾಡುವವನ ಕಣ್ಣಿಗೆ ಕಾಣುವ ಹಾಗೆಯೇ ತೆಗೆಯುತ್ತೇನೆ. ತಪ್ಪು ಹುಡುಕಲು ಮಾತ್ರ ಪಕ್ಕದಿಂದ, ಪ್ಲೇಟಿನ ಮಟ್ಟಕ್ಕೆ ಫೋನು ಇಳಿಸಿ ತೆಗೆಯುತ್ತೇನೆ. ರಾಡಿನ ಕೋನ 70 ಡಿಗ್ರಿಯೋ 50 ಡಿಗ್ರಿಯೋ ಎಂಬುದು ಅಲ್ಲಿಂದ ಮಾತ್ರ ನಿಚ್ಚಳವಾಗಿ ಕಾಣುತ್ತದೆ. ಒಂದು ವರ್ಷ ಎಡಗೈ ಬಳಸುವ ಹುಡುಗಿಯೊಬ್ಬಳು ಬಂದಳು. ಕುರುಗೋಡಿನಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದಳು. ನನ್ನ ಬಲಗೈಯನ್ನು ನೋಡಿ ಅವಳು ಏನನ್ನೂ ಕಲಿಯಲಾಗುತ್ತಿರಲಿಲ್ಲ. ಅವಳಿಗಾಗಿ ಅದೇ ವಿಡಿಯೊವನ್ನು ಫೋನಿನಲ್ಲಿ ಕನ್ನಡಿಯಂತೆ ಅಡ್ಡ ತಿರುಗಿಸಿಕೊಟ್ಟೆ, ಅಷ್ಟೆ, ನಾನು ಎಡಗೈಯವನಾಗಿಬಿಟ್ಟೆ. ‘ಗೋಡಿ ಮ್ಯಾಲಿನ ಅಕ್ಷರಾನೂ ಉಲ್ಟಾ ಆಗ್ಯಾವ ಸರ್’ ಎಂದು ಅವಳು ನಕ್ಕದ್ದು, ಆ ವಿಡಿಯೊ ನೋಡಿ ಎಡಗೈಯಿಂದ ಮೊದಲ ಸಲ ಸರಿಯಾದ ಕೋನ ಹಿಡಿದದ್ದು ಎರಡೂ ಒಂದೇ ದಿನ.

ವಿಡಿಯೊ ಎಂದರೆ ಚಿತ್ರವೊಂದೇ ಅಲ್ಲ, ಅದರಲ್ಲಿ ಸದ್ದೂ ಇದೆ ಎಂಬುದನ್ನು ಮರೆಯಬಾರದು. ಆರ್ಕಿನ ಉದ್ದ ಸರಿಯಾಗಿದ್ದಾಗ, ಎಂದರೆ ರಾಡಿನ ದಪ್ಪದಷ್ಟೇ ಅಂತರವಿದ್ದಾಗ, ಕಾದ ಎಣ್ಣೆಗೆ ಮಿರ್ಚಿ ಬಿಟ್ಟಾಗ ಬರುವ ಒಂದೇ ಸಮನಾದ ಚಟಪಟ ಸದ್ದು ಬರುತ್ತದೆ. ಬಳ್ಳಾರಿಯಲ್ಲಿ ಒಗ್ಗರಣೆ ಮಿರ್ಚಿ ತಿಂದು ಬೆಳೆದ ಮಕ್ಕಳಿಗೆ ಇದನ್ನು ಎರಡನೆಯ ಸಲ ವಿವರಿಸಬೇಕಾಗುವುದಿಲ್ಲ. ಆರ್ಕ್ ಉದ್ದವಾದರೆ ಅದು ಬುಸುಗುಟ್ಟುತ್ತದೆ, ತೀರ ಗಿಡ್ಡವಾದರೆ ಗೊಣಗಿ ಅಂಟಿಕೊಳ್ಳುತ್ತದೆ. ವಾರಕ್ಕೊಮ್ಮೆ ಪ್ರೊಜೆಕ್ಟರಿನ ಮುಂದೆ ಕಾಗದ ಅಡ್ಡ ಹಿಡಿದು, ಬರಿಯ ಸದ್ದನ್ನು ಕೇಳಿಸಿ, ಎಲ್ಲಿ ಆರ್ಕ್ ಕೆಟ್ಟಿತೋ ಅಲ್ಲಿ ಮೇಜು ಬಡಿಯಿರಿ ಎನ್ನುತ್ತೇನೆ. ಆಮೇಲೆ ಚಿತ್ರದೊಂದಿಗೆ ತಾಳೆ ನೋಡುತ್ತೇವೆ. ಕಾರ್ಖಾನೆಯ ಗದ್ದಲದಲ್ಲಿ ಈ ಕಿವಿ ಎಷ್ಟು ಉಪಯೋಗಕ್ಕೆ ಬರುತ್ತದೋ, ಆದರೆ ಊರಿನ ಅಂಗಡಿಯಲ್ಲಿ ಬರುತ್ತದೆ.

ವೇಗದ ಲೆಕ್ಕಕ್ಕೆ ಬೇರೆ ಉಪಾಯ ಬೇಕಾಯಿತು. ಪ್ಲೇಟಿನ ಮೇಲೆ ಪ್ರತಿ 20 ಮಿಲಿಮೀಟರಿಗೆ ಒಂದು ಪಂಚ್ ಚುಕ್ಕೆ ಹೊಡೆದು, ಕಪ್ಪು ಗಾಜಿನ ವಿಡಿಯೊದಲ್ಲಿ ಮಡು ಒಂದೊಂದು ಚುಕ್ಕೆಯನ್ನು ಮುಟ್ಟಿದ ಸಮಯವನ್ನು ಬರೆದುಕೊಂಡರೆ ಸಾಕು. ನನ್ನದು ಹೆಚ್ಚುಕಡಿಮೆ ಏಳೇಳು ಸೆಕೆಂಡಿಗೆ ಒಂದು ಚುಕ್ಕೆ ದಾಟುತ್ತದೆ. ಹೊಸಬರದು ಮೊದಲು ಹತ್ತು, ಆಮೇಲೆ ಆರು, ರಾಡು ಮುಗಿಯುತ್ತ ಬಂದಾಗ ಗಾಬರಿಯಿಂದ ನಾಲ್ಕು. ಅಂಕಿ ಕಣ್ಣಿಗೆ ಬಿದ್ದ ಮೇಲೆ ವಾದವಿಲ್ಲ. ನಿಧಾನ ಚಲನೆಯ ವಿಡಿಯೊ ಇದಕ್ಕೆ ಬೇಕಿಲ್ಲ, ಸೆಕೆಂಡಿಗೆ 30 ಚಿತ್ರಗಳ ಸಾಮಾನ್ಯ ವಿಡಿಯೊ ಸಾಕು. ಸೆಕೆಂಡಿಗೆ 240 ಚಿತ್ರ ತೆಗೆಯುವ ಫೋನು ಸಿಕ್ಕಿತೆಂದು ನಾನು ಒಮ್ಮೆ ಉತ್ಸಾಹದಿಂದ ಹಳೆಯ ಟ್ರಾನ್ಸ್‌ಫಾರ್ಮರ್ ವೆಲ್ಡಿಂಗ್ ಮಷಿನಿನ ಮೇಲೆ ಪ್ರಯತ್ನಿಸಿದೆ. 50 ಹರ್ಟ್ಸ್‌ನ ಏಸಿ ಕರೆಂಟಿನಲ್ಲಿ ಆರ್ಕ್ ಸೆಕೆಂಡಿಗೆ ನೂರು ಸಲ ಮಂಕಾಗಿ ನೂರು ಸಲ ಬೆಳಗುತ್ತದೆ. ಕಣ್ಣಿಗೆ ಕಾಣದ ಆ ಮಿಡಿತ ನಿಧಾನ ಚಲನೆಯಲ್ಲಿ ಕಂಡು, ಇಡೀ ವಿಡಿಯೊ ಮಿಣಿಮಿಣಿಯೆಂದು ತಲೆನೋವು ಬರಿಸಿತು. ಒಂದೇ ದಿಕ್ಕಿಗೆ ಕರೆಂಟು ಹರಿಸುವ ಡಿಸಿ ಇನ್ವರ್ಟರ್ ಮಷಿನಿನಲ್ಲಿ ಈ ತೊಂದರೆ ಇರಲಿಲ್ಲ.

ಒಂದು ಪ್ರಯೋಗವನ್ನು ಮಾತ್ರ ಪಾಠಕ್ಕಿಂತ ಹೆಚ್ಚಾಗಿ ನನ್ನ ಸಂತೋಷಕ್ಕಾಗಿ ಮಾಡಿದೆ. ಇಟ್ಟಿಗೆ ಕಟ್ಟುವ ಕೆಲಸದಿಂದ ಜೀವನ ಆರಂಭಿಸಿದ ಅಮೆರಿಕದ ಫ್ರಾಂಕ್ ಗಿಲ್‌ಬ್ರೆತ್ ಒಂದು ಇಟ್ಟಿಗೆ ಇಡುವುದಕ್ಕೆ ಬೇಕಾಗುತ್ತಿದ್ದ 18 ಚಲನೆಗಳನ್ನು 5ರ ಆಸುಪಾಸಿಗೆ ಇಳಿಸಿದವನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವನೂ ಅವನ ಹೆಂಡತಿ ಲಿಲಿಯನ್ನಳೂ ಕೆಲಸಗಾರರ ಬೆರಳಿಗೆ ಪುಟ್ಟ ಬಲ್ಬು ಕಟ್ಟಿ, ಕ್ಯಾಮೆರಾದ ಕಣ್ಣನ್ನು ಬಹಳ ಹೊತ್ತು ತೆರೆದಿಟ್ಟು, ಕೈ ಓಡಾಡಿದ ದಾರಿಯನ್ನೇ ಬೆಳಕಿನ ಗೆರೆಯಾಗಿ ಹಿಡಿದಿದ್ದರು. ನಮ್ಮ ಕೈಯ ತುದಿಯಲ್ಲಿ ಬಲ್ಬು ಆಗಲೇ ಉರಿಯುತ್ತಿದೆಯಲ್ಲ ಎನ್ನಿಸಿತು. ಕಪ್ಪು ಗಾಜಿನ ಮೇಲೆ ಗ್ಯಾಸ್ ವೆಲ್ಡಿಂಗಿನ 5ನೇ ನಂಬರಿನ ಗಾಜನ್ನೂ ಸೇರಿಸಿ, ಫೋನಿನ ಪ್ರೊ ಮೋಡಿನಲ್ಲಿ 30 ಸೆಕೆಂಡು ತೆರೆದಿಟ್ಟು ಒಂದು ಫೋಟೊ ತೆಗೆದೆ. ಕರಿಯ ಹಿನ್ನೆಲೆಯಲ್ಲಿ ಒಂದು ಹಸಿರು ಗೆರೆ ಬಂತು. ಕೈ ತಡೆದಲ್ಲಿ ದಪ್ಪ, ಓಡಿದಲ್ಲಿ ತೆಳು. ಪ್ರತಿಯೊಬ್ಬರ ಗೆರೆಯೂ ಅವರವರ ರುಜುವಿನಷ್ಟೇ ಬೇರೆಬೇರೆಯಾಗಿತ್ತು. ಮಕ್ಕಳು ಅದನ್ನು ಫೋನಿನ ವಾಲ್‌ಪೇಪರ್ ಮಾಡಿಕೊಂಡರು.

ಇನ್ನು ನಾನು ಮಾಡಿದ ತಪ್ಪುಗಳು. ಮೊದಲ ವರ್ಷ, ಒಬ್ಬ ಹುಡುಗನ ಕೆಟ್ಟ ರನ್ನಿನ ವಿಡಿಯೊವನ್ನು ಇಡೀ ತರಗತಿಗೆ ಹಾಕಿ ತಪ್ಪುಗಳನ್ನು ಎಣಿಸಿದೆ. ಅವನು ಆರ್ಕ್ ಹತ್ತಿದಾಗಲೆಲ್ಲ ಬಾಯಿ ತೆರೆಯುತ್ತಿದ್ದ, ತರಗತಿ ಗೊಳ್ಳೆಂದು ನಕ್ಕಿತು. ಯಾರೋ ಅದನ್ನು ಫೋನಿನಲ್ಲಿ ಹಿಡಿದು ವಾಟ್ಸಾಪ್ ಗುಂಪಿಗೂ ಹಾಕಿದರು. ಆ ಹುಡುಗ ಮೂರು ದಿನ ಬರಲಿಲ್ಲ. ಅವನ ಮನೆಗೆ ಹೋದಾಗ ಅವನ ಅಮ್ಮ ಚಹಾ ಕೊಟ್ಟು, ‘ಏನಾತ್ರೀ ಸರ್, ಕೆಲಸ ಬರಂಗಿಲ್ಲ ನನಗ ಅಂತಾನ’ ಎಂದು ಕೇಳಿದ್ದಕ್ಕೆ ನನ್ನ ಬಳಿ ಒಳ್ಳೆಯ ಉತ್ತರವಿರಲಿಲ್ಲ. ಅಂದಿನಿಂದ ಒಬ್ಬರ ತಪ್ಪಿನ ವಿಡಿಯೊವನ್ನು ಅವರೂ ನಾನೂ ಮಾತ್ರ ನೋಡುವುದು, ಅದು ಸಂಸ್ಥೆಯ ಫೋನಿನಲ್ಲಿಯೇ ಇರುವುದು, ವಾರದ ಕೊನೆಗೆ ಅವರ ಎದುರಿಗೇ ಅಳಿಸುವುದು. ಮುಖ ಬೇಡವೆಂದವರ ಕೈ ಮಾತ್ರ ತೆಗೆಯುತ್ತೇನೆ. ಹುಡುಗಿಯರನ್ನು ಮೊದಲೇ ಕೇಳುತ್ತೇನೆ, ಹುಡುಗರನ್ನೂ ಕೇಳುತ್ತೇನೆ.

ಎರಡನೆಯ ತಪ್ಪು ಅತಿಯಾಗಿ ತೋರಿಸಿದ್ದು. ಒಂದು ತಂಡಕ್ಕೆ ಪ್ರತಿ ರಾಡು ಮುಗಿದ ಮೇಲೂ ವಿಡಿಯೊ ತೋರಿಸಿದೆ. ಅವರು ಬೇಗ ಸುಧಾರಿಸಿದರು, ನನಗೆ ಹಿಗ್ಗಾಯಿತು. ಪರೀಕ್ಷೆಯ ಮುಂಚಿನ ಎರಡು ವಾರ ಫೋನು ಒಳಗಿಟ್ಟೆ. ಅಷ್ಟರಲ್ಲಿ ಅವರ ಕೈ ಹಳೆಯ ದಾರಿಗೆ ಹೊರಳಿತು. ಒಂದು ರನ್ ಹಾಕಿ, ಸ್ಲ್ಯಾಗ್ ಕೂಡ ಬಡಿಯದೆ, ನನ್ನ ಮುಖ ನೋಡುತ್ತ ನಿಂತುಬಿಡುತ್ತಿದ್ದರು. ಕಲಿಯುವವನಿಗೆ ಹೊರಗಿನಿಂದ ಪದೇ ಪದೇ ತಿದ್ದುಪಡಿ ಕೊಟ್ಟರೆ ಅಭ್ಯಾಸದ ಹೊತ್ತಿನಲ್ಲಿ ಅವನು ಮೇಲೇರಿದಂತೆ ಕಂಡರೂ ಅದನ್ನು ತೆಗೆದ ಕೂಡಲೇ ಕುಸಿಯುತ್ತಾನೆ, ಏಕೆಂದರೆ ತನ್ನ ತಪ್ಪನ್ನು ತಾನೇ ಗುರುತಿಸುವ ಕೆಲಸವನ್ನು ಅವನು ಮಾಡಿಯೇ ಇರುವುದಿಲ್ಲ ಎಂದು ಸಾಲ್ಮೋನಿ, ಶ್ಮಿಟ್ ಮತ್ತು ವಾಲ್ಟರ್ ಎಂಬ ಸಂಶೋಧಕರು 1984ರಲ್ಲಿಯೇ ವಾದಿಸಿದ್ದರು. ನನ್ನ ಶೆಡ್ಡಿನಲ್ಲಿ ನಡೆದದ್ದು ಇದೇ. ಈಗ ನಾಲ್ಕೈದು ರನ್ನಿಗೆ ಒಂದನ್ನು ಮಾತ್ರ ತೋರಿಸುತ್ತೇನೆ. ಅದನ್ನು ತೋರಿಸುವ ಮೊದಲು ಸ್ಲ್ಯಾಗ್ ಬಡಿದು, ಬ್ರಷ್ಷು ಹಾಕಿ, ಬೀಡನ್ನು ಕೈಯಲ್ಲಿ ಹಿಡಿದು, ಎಲ್ಲಿ ಏನು ಕೆಟ್ಟಿತೆಂದು ಅವರೇ ಹೇಳಬೇಕು. ಹೇಳಿದ್ದನ್ನು ನೋಟುಪುಸ್ತಕದಲ್ಲಿ ಬರೆಯಬೇಕು. ಆಮೇಲೆ ವಿಡಿಯೊ. ಅವರು ಬರೆದದ್ದೂ ವಿಡಿಯೊದಲ್ಲಿ ಕಂಡದ್ದೂ ಒಂದೇ ಆದ ದಿನ ನಾನು ಆ ಹುಡುಗನಿಗೆ ವಿಡಿಯೊ ತೋರಿಸುವುದನ್ನು ನಿಲ್ಲಿಸುತ್ತೇನೆ.

ಮೂರನೆಯದನ್ನು ತಪ್ಪೆನ್ನಬೇಕೋ ಬೇಡವೋ, ಅಂತರ್ಜಾಲದಲ್ಲಿ ಸಿಗುವ ನುರಿತ ಪೈಪ್ ವೆಲ್ಡರುಗಳ ವಿಡಿಯೊಗಳನ್ನು ಬಹಳ ತೋರಿಸಿದೆ. ನಾಣ್ಯಗಳನ್ನು ಸಾಲಾಗಿ ಜೋಡಿಸಿದಂತಹ ಆ ಬೀಡುಗಳನ್ನು ಮಕ್ಕಳು ಬಾಯಿ ಬಿಟ್ಟು ನೋಡಿದರು, ಆದರೆ ಅದರಿಂದ ಅವರ ಕೈಗೆ ಏನೂ ಇಳಿಯಲಿಲ್ಲ. ಅವರ ಕೈಗೆ ಇಳಿದದ್ದು ಹಿಂದಿನ ವರ್ಷದ ಒಬ್ಬ ಹುಡುಗ ಒಪ್ಪಿ ಬಿಟ್ಟುಹೋದ ಮೂರು ವಿಡಿಯೊ: ಅವನ ಮೊದಲ ವಾರದ ರನ್, ಮೂರನೆಯ ತಿಂಗಳದ್ದು, ವರ್ಷದ ಕೊನೆಯದ್ದು. ಮೊದಲನೆಯದರಲ್ಲಿ ರಾಡು ಮೂರು ಸಲ ಅಂಟಿಕೊಂಡು ಅವನು ಹೋಲ್ಡರನ್ನು ತಿರುಚಿ ಬಿಡಿಸುವುದನ್ನು ನೋಡಿದಾಗ ತರಗತಿ ನಗಲಿಲ್ಲ, ಹತ್ತಿರ ಸರಿದು ನೋಡಿತು.

ನಮ್ಮ ಊರಿನ ಹವೆಗೆ ಸಂಬಂಧಪಟ್ಟ ಒಂದೆರಡು ಮಾತು ಹೇಳಿಬಿಡುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಶೆಡ್ಡಿನೊಳಗೆ, ಆರ್ಕಿನ ಪಕ್ಕದಲ್ಲಿ, ಫೋನು ಹತ್ತು ನಿಮಿಷದಲ್ಲಿ ಕಾದು ತಾನೇ ಬಂದ್ ಆಗುತ್ತದೆ. ಆ ಎರಡು ತಿಂಗಳು ಚಿತ್ರೀಕರಣವೆಲ್ಲ ಬೆಳಗಿನ ಒಂಬತ್ತಕ್ಕೆ ಮುಗಿಯಬೇಕು. ಅಯಸ್ಕಾಂತದ ಬುಡವಿರುವ ಫೋನ್ ಸ್ಟ್ಯಾಂಡು ಕೊಳ್ಳಬಾರದು. ನಾನು ಕೊಂಡೆ. ಗ್ರೈಂಡಿಂಗಿನ ಕಬ್ಬಿಣದ ಪುಡಿಯೆಲ್ಲ ಅದಕ್ಕೆ ಕರಡಿಯ ಕೂದಲಿನಂತೆ ಅಂಟಿ, ಅಲ್ಲಿಂದ ಫೋನಿನ ಸ್ಪೀಕರಿನೊಳಗೆ ಸೇರಿತು. ಒಂದು ನಿಮಿಷದ ವಿಡಿಯೊ ನೂರು ಎಂಬಿ ಮೀರುತ್ತದಾದ್ದರಿಂದ, ಊರುಗಳಲ್ಲಿ ನೆಟ್‌ವರ್ಕ್ ಸರಿಯಿಲ್ಲದ ಮಕ್ಕಳಿಗೆ ಕಳುಹಿಸುವಾಗ ಕುಗ್ಗಿಸಿ ಕಳುಹಿಸಬೇಕು. ಮಡು ಕಾಣುವಷ್ಟು ಸ್ಪಷ್ಟತೆ ಉಳಿದರೆ ಸಾಕು.

ಸದ್ಯ ನಾನು ತೊಡಗಿರುವುದು ತಲೆಗಿಂತ ಮೇಲಿರುವ ಪ್ಲೇಟಿಗೆ ಕೆಳಗಿನಿಂದ ಮಾಡುವ ವೆಲ್ಡಿಂಗನ್ನು ಚಿತ್ರಿಸುವುದರಲ್ಲಿ. ಕಿಡಿಯೆಲ್ಲ ಕೆಳಗೆ ಸುರಿಯುವುದರಿಂದ ಫೋನನ್ನು ಬರಿದಾಗಿ ಕೆಳಗಿಡುವಂತಿಲ್ಲ, ಪಕ್ಕದಿಂದ ತೆಗೆದರೆ ಮಡು ಕಾಣುವುದಿಲ್ಲ. ಕೇಬಲ್ಲಿನ ಹುಡುಗ ಈಗ ತೋರಣಗಲ್ಲಿನಲ್ಲಿ ಕೆಲಸಕ್ಕಿದ್ದಾನೆ. ದೀಪಾವಳಿಯ ರಜೆಗೆ ಬಂದವನು ನನ್ನ ಕಷ್ಟ ಕೇಳಿ, 2 ಮಿಲಿಮೀಟರಿನ ತಗಡಿನಲ್ಲಿ ಒಂದು ಪೆಟ್ಟಿಗೆ ಮಾಡಿಕೊಟ್ಟ. ಮೇಲ್ಗಡೆ ಇಳಿಜಾರಾಗಿ ಕೂರುವ ಗಾಜು, ಅದನ್ನು ಕಿಡಿ ಕಚ್ಚಿದಾಗ ಜಾರಿಸಿ ಬದಲಿಸಲು ಎರಡು ಜಾಡು, ಗಾಳಿಯಾಡಲು ಕೆಳಗೆ ನಾಲ್ಕು ತೂತು. ಮೊನ್ನೆಯ ಪ್ರಯತ್ನದಲ್ಲಿ ಎರಡು ನಿಮಿಷಕ್ಕೆ ಬಿಳಿ ಗಾಜು ಪೂರ್ತಿ ಚುಕ್ಕೆಚುಕ್ಕೆಯಾಯಿತು, ಇಳಿಜಾರು ಇನ್ನೂ ಹೆಚ್ಚಿಸಬೇಕು. ಪೆಟ್ಟಿಗೆಯ ನಾಲ್ಕು ಮೂಲೆಯ ರನ್ನುಗಳು ಮಾತ್ರ ಕೊನೆಯವರೆಗೂ ನೇರವಾಗಿವೆ.